ಮಣೂಕದ ಶೆಡ್ಡಿನ ಗುರುವಾರಗಳು

ಅಥಣಿ
೧೪ ಜೂನ್ ೨೦೨೪

ಅತ್ತಿಯವರಿಗೆ ಶೀತಲಳ ನಮಸ್ಕಾರ.

ನನ್ನ ಅಕ್ಷರ ನೋಡಿ ಗಾಬರಿಯಾಗಬ್ಯಾಡ್ರಿ. ಎಲ್ಲರೂ ಆರಾಮ ಇದ್ದೇವೆ. ಅಕ್ಷರ ಸೊಟ್ಟ ಬಿದ್ದಿದ್ದು ನಿದ್ದೆಗೆಟ್ಟು, ಬೇರೇನಿಲ್ಲ. ರಾತ್ರಿ ಸುಹಾಸ ಮೈ ಸೆಟೆದು ಏಳುತ್ತಾನೆ, ಮತ್ತೆ ಮಲಗುತ್ತಾನೆ. ನಾನು ಏಳುತ್ತೇನೆ, ಮತ್ತೆ ಮಲಗುವುದಿಲ್ಲ. ನಮ್ಮಿಬ್ಬರಿಗೂ ಅಷ್ಟೇ ಫರಕು.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮಾವನವರ ಕೈಯಲ್ಲಿ ಹೇಳಿ ಕಳಿಸಿದರೆ ನನ್ನ ಮಾತು ನಿಮ್ಮ ಹತ್ತಿರ ಬರುವಷ್ಟರಲ್ಲಿ ಅವರ ಮಾತಾಗಿರುತ್ತದೆ. ಅದಕ್ಕೇ ಕಾಗದ. ನಾವು ಐಗಳಿ ಬಿಟ್ಟು ಅಥಣಿಗೆ ಬಂದು ವರ್ಷದ ಮೇಲಾಯಿತು. ಮೈದುನ ಸಂಗ್ರಾಮನ ಮದುವೆಯ ದಿನದ ಮಾತು ಇಲ್ಲಿ ಎತ್ತುವುದಿಲ್ಲ. ಎತ್ತುವುದಿಲ್ಲ ಅಂತ ಬರೆದೇ ಎತ್ತಿದಂಗಾಯಿತು ನೋಡ್ರಿ. ಇರಲಿ.

ನಿಮ್ಮ ಮೊಮ್ಮಗನಿಗೆ ನಾಲ್ಕು ತುಂಬಿತು. ಕುತ್ತಿಗೆ ಈಗ ಸ್ವಲ್ಪ ನಿಲ್ಲುತ್ತದೆ. ಆಸರೆ ಇಲ್ಲದೆ ಕೂಡಲಿಕ್ಕೆ ಇನ್ನೂ ಬರುವುದಿಲ್ಲ. ಬಲಗೈ ಮುಷ್ಟಿ ಹುಟ್ಟಿದಾಗಿನಿಂದ ಬಿಗಿದಂತೆಯೇ ಇದೆ. ವಾರಕ್ಕೊಮ್ಮೆ ಇಲ್ಲಿ ಥೆರಪಿಗೆ ಒಯ್ಯುತ್ತೇನೆ. ಆ ಕೋಣೆ ಎಲ್ಲಿದೆ ಗೊತ್ತೇನ್ರಿ? ಬಾಡಿಗೆ ಕಟ್ಟಡದ ಎರಡನೇ ಮಾಳಿಗೆಯ ಮೇಲೆ. ನಡೆಯಲಿಕ್ಕೆ ಬಾರದ ಮಕ್ಕಳಿಗೆ ನಡೆಯಲು ಕಲಿಸುವ ಕೋಣೆ, ಮೆಟ್ಟಿಲ ತುದಿಯಲ್ಲಿ! ಸುಹಾಸ ಸಣ್ಣವ, ನಾನು ಹೊರುತ್ತೇನೆ. ನಿಮ್ಮೂರಿನ ಕಾಂಚನಾ ತನ್ನ ಮಗ ಕುನಾಲನನ್ನು ಹೊರುವುದು ನೋಡಬೇಕು ನೀವು. ನಮ್ಮ ತೋಟಕ್ಕೂ ಕೂಲಿಗೆ ಬಂದಿದ್ದಾಳಂತೆ ಅವಳು. ಅವನಾಗಲೇ ಅವಳ ಭುಜದ ತನಕ ಬೆಳೆದಿದ್ದಾನೆ. ನಡುವೆ ನಿಂತು ಉಸಿರು ತಗೊಂಡು ಅನ್ನುತ್ತಾಳೆ, "ಅಕ್ಕಾ, ಇವನ್ನ ಹೊತ್ತು ಹೊತ್ತು ಈಗ ನನ್ನ ನಡಾನ ಥೆರಪಿಗೆ ಬಂದೈತಿ. ಮೊದ್ಲ ಅದನ್ನ ತೋರಸ್ತೀನಿ."

ಹೋದ ವಾರ ನಾವು ತಾಯಂದಿರೆಲ್ಲ ಕೆಳಗಿನ ಮೆಟ್ಟಿಲ ಮೇಲೇ ಕುಳಿತುಬಿಟ್ಟೆವು. ಹತ್ತಲಿಲ್ಲ. ಥೆರಪಿ ಮಾಡಿಸುವ ಹಾಲೇಶ ಸರ್ ಮೇಲಿಂದ ಬಗ್ಗಿ ನೋಡಿದರು. ದಾವಣಗೆರೆ ಕಡೆಯವರು. "ಯಾಕ್ರಮ್ಮ, ಬರಲ್ವಾ?" ಅಂದರು. ಕಾಂಚನಾ, "ಇವತ್ತ ನೀವ ಇಳದ ಬರ್ರಿ ಸರ್, ನಿಮಗ ಕಾಲ ಅದಾವಲ್ಲ" ಅಂದಳು. ಪಾಪ, ಚಾಪೆ ಹಿಡಿದು ಇಳಿದು ಬಂದರು. ಬೇವಿನ ಗಿಡದ ಕೆಳಗೇ ಎಲ್ಲ ಮಕ್ಕಳಿಗೂ ಮಾಡಿಸಿದರು. ಮಂದಿ ನಿಂತು ನೋಡಿದರು. ಸುದ್ದಿ ಥೆರಪಿ ಕೇಂದ್ರದ ಸಾಹೇಬರ ತನಕ ಹೋಯಿತು. ಅವರು ಸಿಟ್ಟಾಗಲಿಲ್ಲ. "ನೆಲದ ಮ್ಯಾಲೆ ಜಾಗಾ ನೀವ ತೋರಸ್ರಿ. ವರ್ಷಪೂರ್ತಿ ಖಾಲಿ ಸಿಗುವಂಥಾದ್ದು ಇರಬೇಕು. ಗುರುವಾರಕ್ಕೊಮ್ಮೆ ಹಾಲೇಶ ಅವರನ್ನ ಅಲ್ಲೇ ಕಳಸ್ತೀನಿ" ಅಂದರು.

ನಮ್ಮಲ್ಲಿ ಹೆಚ್ಚಿನವರು ಐಗಳಿ ಸುತ್ತಿನ ಹಳ್ಳಿಯವರು. ಊರ ಹೊರಗೆ, ಬಸ್ಸು ನಿಲ್ಲುವಲ್ಲೇ ನಮ್ಮ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ ಇದೆ. ಈಗ ಅದು ಸುಮ್ಮನೆ ನಿಂತಿದೆ. ಮೆಟ್ಟಿಲಿಲ್ಲ. ಗಾಳಿ ಇದೆ, ನೆರಳಿದೆ.

ಕೇಳಬೇಕೋ ಬೇಡವೋ ಅಂತ ಬಹಳ ದಿನ ಹೊರಳಾಡಿದೆ. ಈಗ ಕೇಳಿದ್ದೇನೆ.

ನಿಮ್ಮ ಸೊಸೆ,
ಶೀತಲ

*

ಐಗಳಿ ತೋಟ
೨೩ ಜೂನ್ ೨೦೨೪

ಶೀತಲಗ ಆಶೀರ್ವಾದ.

ಕಾಗದ ಮುಟ್ಟಿತು. ಚಾವಿ ಬಸ್‌ಸ್ಟಾಪಿನ ಚಹಾದ ಅಂಗಡ್ಯಾಗ ಇಟ್ಟೀನಿ, ಇಸಕೋರಿ. ಶೆಡ್ಡಿನ್ಯಾಗ ಇಲಿ ಅದಾವ, ನೋಡಕೊಂಡು ಕುಂದರ್ರಿ. ದ್ರಾಕ್ಷಿ ಹರವೂ ಜಾಳಗಿ ಹರೀಬ್ಯಾಡ್ರಿ, ಹ್ವಾದ ವರ್ಷ ಹೊಸಾವು ಹಾಕಿಸೀವಿ. ನೆಲದ ಸಿಮೆಂಟ ಒಡೀಬ್ಯಾಡ್ರಿ. ನಲ್ಲಿ ತಿರುವಿದ್ರ ನೀರ ಬರ್ತಾವ, ಬಂದ್ ಮಾಡಿ ಹೋಗ್ರಿ.

ಹುಡುಗ ರಾತ್ರಿ ಏಳತಾನಂತ ಬರದಿ. ಅವರಪ್ಪ ಈಶ್ವರನೂ ಸಣ್ಣಾಂವ ಇದ್ದಾಗ ಮಲಗತಿರಲಿಲ್ಲ. ಹೊಟ್ಟಿಗೆ ಬೆಚ್ಚಗ ಅರಬಿ ಸುತ್ತು.

ಇಷ್ಟ.
ಕಸ್ತೂರೆವ್ವ

*

ಅಥಣಿ
೯ ಆಗಸ್ಟ್ ೨೦೨೪

ಅತ್ತಿಯವರಿಗೆ ನಮಸ್ಕಾರ.

ಮೊದಲು ಬೈಸಿಕೊಳ್ಳುವ ಮಾತು ಹೇಳಿಬಿಡುತ್ತೇನೆ. ಸಿಮೆಂಟ್ ಒಡೆದಿದ್ದೇವೆ. ಒಡೆದವರು ಮಾವನವರು. ಮಕ್ಕಳು ಎರಡೂ ಕಡೆ ಹಿಡಿದುಕೊಂಡು ಹೆಜ್ಜೆ ಹಾಕಲಿಕ್ಕೆ ಕಂಬಿ ಬೇಕು ಅಂತ ಹಾಲೇಶ ಸರ್ ಅಂದಿದ್ದೇ ತಡ, ಮಾವನವರು ಹಂದರದ ಹಳೇ ಪೈಪು ತಂದು, ಹಾರಿ ಹಿಡಿದು, ಶೆಡ್ಡಿನ ನಟ್ಟನಡುವೆ ನೆಲ ತೋಡಿ ನಿಲ್ಲಿಸಿಯೇ ಬಿಟ್ಟರು. "ನಿಮ್ಮತ್ತಿಗೆ ಹೇಳಬ್ಯಾಡ" ಅಂದರು. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ಜಾಳಿಗೆ ಹರಿದಿಲ್ಲ. ಉಲ್ಟಾ, ಆ ಜಾಳಿಗೆಯೇ ನಮಗೆ ದೊಡ್ಡ ಆಸ್ತಿ ಆಗಿದೆ. ಎಲ್ಲಕ್ಕಿಂತ ಕೆಳಗಿನ ಜಾಳಿಗೆ ಮೇಲೆ ಸುಹಾಸನನ್ನು ಮಲಗಿಸಿದರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಚಾಪೆ ಮೇಲೆ ಕಟ್ಟಿಗೆಯಂತೆ ಸೆಟೆಯುವ ಮೈ ಅಲ್ಲಿ ಸಡಿಲಾಗುತ್ತದೆ. ಹಾಲೇಶ ಸರ್, "ಇಂಥದ್ದು ನಮ್ಮ ಕಾಲೇಜಲ್ಲೂ ಇರಲಿಲ್ಲ ಕಣ್ರೀ" ಅಂದರು. ದ್ರಾಕ್ಷಿ ಕ್ರೇಟಿನ ಒಂದು ಮಗ್ಗುಲು ಕತ್ತರಿಸಿ ಅವನಿಗೊಂದು ಕುರ್ಚಿ ಮಾಡಿದ್ದಾರೆ. ಅದರಲ್ಲಿ ದಿಂಬು ಒತ್ತಿ ಕೂಡಿಸಿದರೆ ರಾಜನ ಹಾಗೆ ಕೂಡುತ್ತಾನೆ. ಸ್ವಲ್ಪ ವಾಲಿದ ರಾಜ.

ನಾವೂ ಒಂದು ಹೆಸರಿಲ್ಲದ ಸಂಘ ಆಗಿದ್ದೇವೆ. ಒಬ್ಬರ ಮಗುವಿನ ಸರದಿ ಬಂದಾಗ ಇನ್ನೊಬ್ಬರು ಉಳಿದ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬಸ್ಸು ತಪ್ಪಿದವರನ್ನು ಯಾರದಾದರೂ ಬೈಕು ಹೋಗಿ ಕರೆತರುತ್ತದೆ. ಸರ್ಟಿಫಿಕೇಟು ಹೇಗೆ ಮಾಡಿಸುವುದು, ಕಾಲಿಗೆ ಬಿಗಿಯುವ ಬೂಟು ಎಲ್ಲಿ ಸಿಗುತ್ತದೆ, ಎಲ್ಲ ಮಾತೂ ಅಲ್ಲೇ. ಡಿಗ್ರಿ ಓದುವಾಗ ಲೈಬ್ರರಿಯಲ್ಲಿ ಕುಳಿತು ಕಲಿತದ್ದಕ್ಕಿಂತ ಹೆಚ್ಚು ಈ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಲಿತೆ ಅನ್ನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಯಾರೂ ನನ್ನನ್ನು "ಡಾಕ್ಟರ್ ಏನಂದ್ರು, ಆರಾಮ ಆಗತಾನಂತ?" ಅಂತ ಕೇಳುವುದಿಲ್ಲ. "ಇವತ್ತ ಏನ ಮಾಡಿದ?" ಅಂತ ಕೇಳುತ್ತಾರೆ.

ಸಾಹೇಬರು ಬಂದು ನೋಡಿ ಒಪ್ಪಿದರು. ಒಂದೇ ಮಾತು ಹೇಳಿದರು, ನಡುವೆ ಬಂದ್ ಬೀಳಬಾರದು.

ಗುರುವಾರ ನಮಗೆಲ್ಲ ಚಹಾ ಕಳಿಸುತ್ತೀರಿ. ಕಿಟ್ಲಿ, ಕಪ್ಪು, ಮೇಲೊಂದು ಬಿಳಿ ಅರಿವೆ ಮುಚ್ಚಿ. ಮನೆಯಿಂದ ಶೆಡ್ಡಿಗೆ ಒಂದು ಹೊಲದಷ್ಟೂ ದೂರ ಇಲ್ಲ. ಚಹಾ ಬರುತ್ತದೆ, ನೀವು ಬರುವುದಿಲ್ಲ. ನಾನೂ ಬಸ್ಸಿನ ಹೊತ್ತಾಯಿತು ಅಂತ ಹಾಗೇ ಹೋಗುತ್ತೇನೆ. ಬಸ್ಸು ಯಾವಾಗಲೂ ತಡವಾಗಿಯೇ ಬರುತ್ತದೆ.

ಶೀತಲ

*

ಐಗಳಿ ತೋಟ
೧೭ ಸೆಪ್ಟೆಂಬರ್ ೨೦೨೪

ಶೀತಲಗ,

ಸಿಮೆಂಟ ಒಡದದ್ದು ನಿನ್ನ ಕಾಗದ ಬರೂಕಿಂತ ಮೊದಲ ಗೊತ್ತಾಗಿತ್ತು. ಹಾರಿ ಹಿಡದವರ ನಡಾ ಹಿಡಕೊಂಡು ಮಲಗಿದ್ರು. ಎಣ್ಣಿ ಹಚ್ಚಿದಾಕಿ ನಾನು.

ಕಾಂಚನಾ ಚಹಾ ಕುಡದು ತನ್ನ ಕಪ್ಪು ತೊಳದು ಬ್ಯಾರೇ ಇಟ್ಟಿರತಾಳ. ಬ್ಯಾರೇ ಇಡಬ್ಯಾಡ ಅಂತ ಹೇಳು. ಎಲ್ಲಾ ಕಪ್ಪು ಒಂದ ಸೆಟ್ಟಿನಾವು.

ಮದುವಿ ಮಾತು ನೀ ಎತ್ತೂದಿಲ್ಲ ಅಂದಿ. ನಾ ಎತ್ತತೀನಿ. ಅವತ್ತ ಹುಡುಗನ್ನ ಹಿಂದಿನ ಖೋಲ್ಯಾಗ ಇಟ್ಟಿದ್ದೆ ಅಂತ ನಿನಗ ಸಿಟ್ಟು. ಬೀಗರ ಮುಂದ ಮುಚ್ಚಿಟ್ರು ಅಂತ ತಿಳದಿ. ಶೀತಲಾ, ಆ ಖೋಲ್ಯಾಗ ನಾನೂ ಇದ್ದೆ. ನೀ ನೋಡಿದಿ, ಆದ್ರ ನೋಡಲಿಲ್ಲ. ಮಂದಿ ಬಂದಾಗ ನಾ ಯಾವಾಗಲೂ ಅಲ್ಲೇ ಕುಂದರತೀನಿ. ಅವರು ಏನರ ಕೇಳತಾರ, ನನಗ ಕೇಳಸೂದಿಲ್ಲ, ನಾ ಇನ್ನೇನೋ ಹೇಳತೀನಿ, ಅವರು ಬಾಯಿಗೆ ಸೆರಗ ಹಿಡದು ನಗತಾರ. ಅವತ್ತ ಹೊರಗ ಬ್ಯಾಂಡಿನ ಸಪ್ಪಳಕ್ಕ ಹುಡುಗ ಬೆಚ್ಚಿ ಬೆಚ್ಚಿ ಬೀಳಾಕತ್ತಿದ್ದ. ಒಳಗ ಎತಗೊಂಡು ಬಂದೆ. ಇಬ್ರೂ ಆರಾಮ ಕುಂತಿದ್ದಿವಿ. ನೀ ಬಂದು ಕಸಗೊಂಡು ಹ್ವಾದಿ. ಏನ ಅಂದಿ ಅನ್ನೂದು ಕೇಳಸಲಿಲ್ಲ. ಬಾಯಿ ಕಂಡಿತು, ಅಷ್ಟ.

ಇನ್ನೊಂದು ಮಾತು. ಮುಂದಿನ ತಿಂಗಳ ಚಾಟ್ನಿ ಅದಾವ, ಬಳ್ಳಿ ಕತ್ತರಸೂದು. ಚಾಟ್ನಿ ಮಾಡಿದ ಮ್ಯಾಲೆ ಗಿಡಾ ಸುಮ್ನ ಕುಂದರೂದಿಲ್ಲ. ಮಾಘದಾಗ ದ್ರಾಕ್ಷಿ ಬರತಾವ, ಶೆಡ್ಡಿಗೆ ಬರತಾವ. ಆವಾಗ ಏನ ಮಾಡವರು ನೀವು?

ಕಸ್ತೂರೆವ್ವ

*

ಅಥಣಿ
೨೦ ನವೆಂಬರ್ ೨೦೨೪

ಅತ್ತಿಯವರಿಗೆ,

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆದು ಬರೆದು ಹರಿದೆ. ಹಿಂದಿನ ಖೋಲಿಯ ವಿಷಯಕ್ಕೆ ಒಂದೇ ಮಾತು. ಅವತ್ತು ನಾನು ಅಂದದ್ದು ನಿಮಗೆ ಕೇಳಿಸದೇ ಇದ್ದದ್ದು ನನ್ನ ಪುಣ್ಯ. ಇನ್ನು ಮುಂದೆಯೂ ಕೇಳಬ್ಯಾಡ್ರಿ.

ದ್ರಾಕ್ಷಿಯ ಮಾತಿಗೆ ಬರುತ್ತೇನೆ. ನಾನು ದ್ರಾಕ್ಷಿ ಮನೆತನದ ಸೊಸೆ. ಕಾಂಚನಾ ಬುದ್ಧಿ ಬಂದಾಗಿನಿಂದ ದ್ರಾಕ್ಷಿ ಕೊಯ್ದವಳು. ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸ್ವಂತದ್ದೋ ಮಂದಿಯದೋ ಹಂದರದ ನೆರಳೇ ಅನ್ನ. ಒಬ್ಬರಿಗಾದರೂ ನೆನಪಾಗಲಿಲ್ಲ ನೋಡ್ರಿ, ಫೆಬ್ರವರಿಯಲ್ಲಿ ಶೆಡ್ಡಿಗೆ ದ್ರಾಕ್ಷಿ ಬರುತ್ತದೆ ಅಂತ! ನಿಮ್ಮ ಕಾಗದ ಓದಿ ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಂಚನಾ ಹಣೆ ಬಡಿದುಕೊಂಡು, "ಕಾಯ ಹೇ, ಏನಿದು ಅಕ್ಕಾ! ಊರ ಮಂದಿಗೆ ಕೊಯ್ಲಿನ ತಾರೀಖ ಹೇಳಾಕಿ ನಾ, ನನಗ ಮರತ ಹೋತಲ್ಲ" ಅಂದಳು. ಆಮೇಲೆ ನಕ್ಕೆವು.

ಯಾಕೆ ಮರೆತೆವು ಅಂತ ಯೋಚಿಸಿದ್ದೇನೆ. ನಿದ್ದೆ ಬಾರದವಳಿಗೆ ಯೋಚನೆಗೆ ಸಮಯ ಬಹಳ. ಇಂಥ ಮಕ್ಕಳ ತಾಯಂದಿರು ನಾವು ಮುಂದಿನ ಗುರುವಾರದ ಆಚೆ ನೋಡುವ ರೂಢಿಯನ್ನೇ ಬಿಟ್ಟಿದ್ದೇವೆ. ನೋಡಿದರೆ ಹೆದರಿಕೆ.

ಸಾಹೇಬರಿಗೆ ಹೇಳಿದೆವು. ಎರಡು ತಿಂಗಳು ಬಂದ್ ಬಿದ್ದರೆ ಹಾಲೇಶ ಸರ್ ಅವರ ಗುರುವಾರ ರಾಯಬಾಗ ಕಡೆಗೆ ಹೋಗುತ್ತದಂತೆ. ಅಲ್ಲಿಯ ತಾಯಂದಿರೂ ಕಾಯುತ್ತಿದ್ದಾರೆ, ಹೋದದ್ದು ತಿರುಗಿ ಬರುವುದು ಗ್ಯಾರಂಟಿ ಇಲ್ಲ ಅಂದರು. ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡಲಿ? ಅವರೂ ನಮ್ಮಂಥವರೇ. ಸಮುದಾಯ ಭವನ ಕೇಳಿದೆವು, ಆ ತಿಂಗಳು ಪೂರಾ ಮದುವೆ. ಶಾಲೆಯಲ್ಲಿ ಕೋಣೆ ಇಲ್ಲ. ಮತ್ತೆ ಉಳಿದದ್ದು ಆ ಮೆಟ್ಟಿಲು.

ಸುಹಾಸ ಈಗ ಕ್ರೇಟಿನ ಕುರ್ಚಿಯಲ್ಲಿ ಒಂದೇ ದಿಂಬಿನ ಮೇಲೆ ಕೂಡುತ್ತಾನೆ. ಎರಡು ತಿಂಗಳು ಬಿಟ್ಟರೆ ಮೈ ಮತ್ತೆ ಬಿಗಿಯುತ್ತದೆ, ಗಳಿಸಿದ್ದು ಹೋಗುತ್ತದೆ ಅಂತ ಹಾಲೇಶ ಸರ್ ಹೇಳಿದ್ದಾರೆ. ನನಗೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ, ಅವನು ಮತ್ತೆ ಚಾಪೆಗೆ ಹೋಗುವುದು.

ವರ್ಷದ ದುಡಿಮೆ ಆ ಜಾಳಿಗೆಯ ಮೇಲೆ ಬೀಳುತ್ತದೆಂದು ನನಗೂ ಗೊತ್ತು. ಅದಕ್ಕೇ ಈ ಸಲ ಏನೂ ಕೇಳುತ್ತಿಲ್ಲ. ಸುಮ್ಮನೆ ಹೇಳುತ್ತಿದ್ದೇನೆ.

ಶೀತಲ

*

ಐಗಳಿ ತೋಟ
೧೨ ಜನವರಿ ೨೦೨೫

ಶೀತಲಗ,

ಕೇಳೂದಿಲ್ಲ ಅಂತ ಎರಡ ಹಾಳಿ ತುಂಬ ಕೇಳೀದಿ.

ಶೆಡ್ಡಿನ ಕಡೀ ಅಂಕಣ, ಬಸ್‌ಸ್ಟಾಪಿನ ಕಡಿದು, ನಿಮಗ ಬಿಟ್ಟೀನಿ. ಅಲ್ಲಿ ದ್ರಾಕ್ಷಿ ಹರವೂದಿಲ್ಲ. ನಟ್ಟನಡುವ ನೆಟ್ಟ ಪೈಪು ಕಿತ್ತು ಅಲ್ಲಿಗೆ ಹಾಕಬೇಕು. ನೆಟ್ಟವರ ಕೀಳಾಕತ್ತಾರ. ಮಣೂಕಕ್ಕ ಗಂಧಕದ ಹೊಗಿ ಕೊಡೂದು ಈ ವರ್ಷ ಮ್ಯಾಲಿನ ಹೊಲದ ಖೋಲ್ಯಾಗ, ಮಕ್ಕಳ ಉಸಿರಿಗೆ ತ್ರಾಸ ಆಗಬಾರದು. ಇಷ್ಟಕ್ಕ ಹಿಡಸಲಾರದ ದ್ರಾಕ್ಷಿ ಹಸೀವನ್ನ ಮಾರೂದು. ನಿಮ್ಮ ಮಾವ ಮುಂಜಾನಿಂದ ಹಲಬಾಕತ್ತಾರ, ಪ್ಯಾಟ್ಯಾಗ ಹಸೀದಕ್ಕ ಭಾವ ಇಲ್ಲಂತ. ಹಲಬಲಿ. ನನಗ ಕೇಳಸೂದಿಲ್ಲ.

ಒಂದು ಕರಾರು. ಮಕ್ಕಳ ಸರದಿ ಬರೂ ತನಕ ನೀವೆಲ್ಲಾ ಬಾಯಿ ಬಡಕೊಂತ ಕುಂದರತೀರಿ ಅಂತ ಕೇಳೀನಿ. ಬಾಯಿ ಬಡಕೋರಿ, ಕೈಲೆ ಮಣೂಕದಾಗಿನ ಕಡ್ಡಿ ಆರಿಸ್ರಿ. ಎಲ್ಲಾರಿಗೂ ಕೊಡೂ ಕೂಲಿ ನಿಮಗೂ ಕೊಡತೀನಿ. ಸೊಸೀಗೂ ಕೊಡತೀನಿ.

ಕಸ್ತೂರೆವ್ವ

*

ಅಥಣಿ
೭ ಮಾರ್ಚ್ ೨೦೨೫

ಅತ್ತಿಯವರಿಗೆ,

ನಿನ್ನೆ ನೀವು ಶೆಡ್ಡಿನ ಆ ತುದಿಯಲ್ಲಿ ಮಣೂಕದ ರಾಶಿಗೆ ಮುಖ ಮಾಡಿ, ನಮಗೆ ಬೆನ್ನು ತಿರುಗಿಸಿ ಕುಳಿತಿದ್ದಿರಿ. ಆದ್ದರಿಂದ ಈ ಕಡೆ ಆದದ್ದು ನಿಮಗೆ ಕಂಡಿರಲಿಕ್ಕಿಲ್ಲ, ಕೇಳಿಸಿಯಂತೂ ಇರಲಿಕ್ಕಿಲ್ಲ. ಓಡಿ ಬಂದು ನಿಮ್ಮ ಕಿವಿಯಲ್ಲಿ ಒದರಬೇಕು ಅನ್ನಿಸಿತು. ಮಂದಿ ಮುಂದೆ ಒದರಿಸಿಕೊಳ್ಳುವುದು ನಿಮಗೆ ಸೇರುವುದಿಲ್ಲ ಅಂತ ಈಗ ಗೊತ್ತಿದೆ. ಅದಕ್ಕೇ ಬೆಳಗಾದ ಕೂಡಲೇ ಬರೆಯುತ್ತಿದ್ದೇನೆ.

ನಾವು ಕಡ್ಡಿ ಆರಿಸುತ್ತಿದ್ದೆವು. ಸುಹಾಸ ಕುರ್ಚಿಯಲ್ಲಿ ನನ್ನ ಪಕ್ಕ. ಅವನ ಮುಂದೆ ಹಿಟ್ಟು ಕಲಸುವ ಅಗಲ ಪರಾತದಲ್ಲಿ ಮಣೂಕ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದ. ನಿಮ್ಮ ಮಗನ ಹಾಗೆ ತಿನ್ನುವುದರ ಮೇಲೆ ಬಲು ಆಸೆ. ಎಡಗೈ ಹಾಕಲಿ ಅಂತ ನಾನು ಪರಾತ ಎಡಕ್ಕೆ ಸರಿಸಲು ಹೋದೆ. ಹಾಲೇಶ ಸರ್ ಕಣ್ಣಲ್ಲೇ ಬೇಡ ಅಂದರು. ಕಾಂಚನಾ ಯಾರದೋ ಅತ್ತೆಯ ಕಥೆ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. ಅವಳು ಅರ್ಧಕ್ಕೆ ನಿಲ್ಲಿಸುವುದೆಂದರೆ ನೀವೇ ತಿಳಿಯಿರಿ.

ಬಲಗೈ ಬಂತು. ಮೊದಲು ಮುಷ್ಟಿಯಾಗಿಯೇ ಬಂತು, ಪರಾತಕ್ಕೆ ಬಡಿಯಿತು, ಮಣೂಕ ಸಿಡಿದವು. ಮತ್ತೆ ಬಂತು. ಆಮೇಲೆ ಹೆಬ್ಬೆರಳು ಹೊರಗೆ ಬಂತು. ಅದರ ಹಿಂದೆ ಇನ್ನೊಂದು ಬೆರಳು, ಹಾದಿ ಕೇಳಿಕೊಂಡು ಬಂದವರಂತೆ. ಒಂದು ಮಣೂಕ ಹಿಡಿದ, ಅತ್ತಿಯವರೇ. ಹಿಡಿದು, ಬಾಯಿಯ ತನಕ ಒಯ್ದು, ಕಡ್ಡಿ ಸಮೇತ ತಿಂದ.

ಹಾಲೇಶ ಸರ್ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. "ಸೆಕೆ ಕಣ್ರೀ" ಅಂದರು. ಕಾಂಚನಾ, "ಹೌದ್ರಿ ಸರ್, ಕಣ್ಣಿಗೆ ಭಾಳ ಸೆಕಿ" ಅಂದಳು. ಈಗ ಎಲ್ಲ ಮಕ್ಕಳ ಮುಂದೂ ಒಂದೊಂದು ಪರಾತ. ಕುನಾಲ ಕಂಬಿ ಬಿಟ್ಟು ಎರಡು ಹೆಜ್ಜೆ ಹಾಕಿ ಬಂದು ಸುಹಾಸನ ಪರಾತದಿಂದ ಕದ್ದ. ಅವರವ್ವ ಬೈಯಲಿಲ್ಲ, ಇನ್ನೊಮ್ಮೆ ಕದಿ ಅಂದಳು.

ಸಾಹೇಬರು ಇಡೀ ವರ್ಷದ ಗುರುವಾರ ಬರೆದುಕೊಟ್ಟಿದ್ದಾರೆ. ರಾಯಬಾಗದವರಿಗೆ ಬೇರೆಯವರನ್ನು ಕಳಿಸುತ್ತಾರಂತೆ. ಅಲ್ಲಿಯ ತಾಯಂದಿರು ನಮ್ಮ ಶೆಡ್ ನೋಡಲಿಕ್ಕೆ ಬರುವವರಿದ್ದಾರೆ.

ಕೂಲಿ ಮುಟ್ಟಿತು. ಸುಹಾಸನ ಕೂಲಿ ಅವನು ತಿಂದದ್ದರಲ್ಲಿ ವಜಾ ಮಾಡಿಕೊಳ್ರಿ.

ಶೀತಲ

*

ಐಗಳಿ ತೋಟ
೨೮ ಮಾರ್ಚ್ ೨೦೨೫

ಶೀತಲಗ,

ಬೆನ್ನ ತಿರುವಿ ಕುಂತಿದ್ದೆ ಅಂತ ಬರದಿ. ಹೌದು. ಆದ್ರ ನೀವೆಲ್ಲಾ ಒಮ್ಮಿಗೇ ಸುಮ್ನ ಆದದ್ದು ನನಗೂ ತಿಳೀತು. ಮಾತಾಡೂ ಮಂದಿ ಕೈ ನಿಂತಾಗ ಗಾಳಿ ಬ್ಯಾರೆ ಆಗತೈತಿ. ತಿರುಗಿ ನೋಡಿದ್ದೆ.

ನಿನ್ನಿ ಗುರುವಾರದ ಸುದ್ದಿ ನಿನಗ ಯಾರೂ ಹೇಳಿರಾಕಿಲ್ಲ. ನೀ ಮಲಗಿದ್ದಿ. ಕಡ್ಡಿ ಆರಸ್ತಾ ಆರಸ್ತಾ ಚೀಲಕ್ಕ ತಲಿ ಕೊಟ್ಟಿ, ಕೈಯಾಗ ಮಣೂಕ ಹಂಗ ಇತ್ತು. ಕಾಂಚನಾ ಎಬ್ಬಸಾಕ ಬಂದ್ಲು. ನಾ ಕೈ ಅಡ್ಡ ಹಿಡದೆ. ಆಕಿ ನಿನ್ನ ಸೀರಿ ಸೆರಗ ಮಾರಿ ಮ್ಯಾಲೆ ಹಾಕಿದ್ಲು, ನೊಣ ಕುಂದರಬಾರದಂತ. ಬಾಳ ದಿನದ ನಿದ್ದಿ ಇತ್ತು, ಬಾಯಿ ತಕ್ಕೊಂಡು ಮಲಗಿದ್ದಿ. ಗೊರಕಿ ಹೊಡದ್ಯಂತ. ನನಗ ಕೇಳಸಲಿಲ್ಲ, ಕಾಂಚನಾ ಮಾಡಿ ತೋರಿಸಿದ್ಲು.

ಆವಾಗ ಹುಡುಗ ಎಚ್ಚರ ಇದ್ದ. ಅವನ ಕುರ್ಚಿ ಎತ್ತಿ ಶೆಡ್ಡಿನ ಬಾಗಲಕ್ಕ ತಂದೆ. ನಾನೂ ಅಲ್ಲೇ ಚೀಲಾ ಹಾಸಿ ಕುಂತೆ. ಇಬ್ರೂ ಕೂಡಿ ಒಂದ ಪರಾತದಾಗ ಆರಸಾಕತ್ತಿವಿ. ನಾ ಕಡ್ಡಿ ತಗೀತೀನಿ, ಅಂವ ತಗೀತಾನ. ಅಂವ ತಗದದ್ದಕ್ಕೂ ಅರ್ಧ ಕಡ್ಡಿ ಉಳದಿರತೈತಿ. ಒಂದೊಂದು ಎತ್ತಿ ಬುಟ್ಟಿಗೆ ಹಾಕ್ತಾನ, ಒಂದೊಂದು ನನ್ನ ಬಾಯಿಗೆ ಹಾಕ್ತಾನ.

ತಾಸಗಾಂವದ ಮಣೂಕದ ವ್ಯಾಪಾರಿ ಬಂದ. ಜೀಪಿನ್ಯಾಗ ಮತ್ತ ಮೂರ ಮಂದಿ. ಕಾಲ ತಾವ ಎದ್ದವು, ಒಳಗ ಹೋಗಬೇಕು ಅನಕೊಂಡೆ. ಆದ್ರ ಹುಡುಗ ನನ್ನ ಸೆರಗ ಹಿಡದಿದ್ದ. ಆ ಕೈಲೆ, ಬಲಗೈಲೆ. ಬಿಡಸಾಕ ಮನಸ ಆಗಲಿಲ್ಲ. ಅಲ್ಲೇ ಕುಂತೆ.

ವ್ಯಾಪಾರಿ ಏನೋ ಕೇಳಿದ. ಕೇಳಸಲಿಲ್ಲ. ನನಗ ಕಿವಿ ಕೇಳಸೂದಿಲ್ಲಪಾ, ಜೋರ ಮಾತಾಡು ಅಂದೆ. ಇಷ್ಟ ವರ್ಷದಾಗ ಯಾರ ಮುಂದೂ ಹಂಗ ಅಂದಿರಲಿಲ್ಲ. ಅಂವ ನಗಲಿಲ್ಲ. ಬಗ್ಗಿ ಒದರಿದ, "ಆಯಿ, ಹಾ ಕೋಣಾಚಾ ಮುಲಗಾ?" ಯಾರ ಹುಡುಗ ಅಂತ.

ಇಂವ ಸುಹಾಸ. ನಮ್ಮ ಈಶ್ವರ, ಶೀತಲನ ಮಗ. ನನ್ನ ಮೊಮ್ಮಗ. ಇಲ್ಲೇ ಕೆಲಸಾ ಮಾಡತಾನ ಅಂದೆ.

ಅಂವ ಸುಹಾಸನ ಬುಟ್ಟಿಯಿಂದ ಒಂದ ಎತ್ತಿ ಬಿಸಲಿಗೆ ಹಿಡದು ನೋಡಿದ. ಮಾಲ ಚಲೋ ಐತಿ, ಕಡ್ಡಿ ಉಳದೈತಲ್ಲ ಆಯಿ, ಈ ಬುಟ್ಟಿಗೆ ಭಾವ ಕಡಿಮಿ ಆಗತೈತಿ ಅಂದ. ಆ ಬುಟ್ಟಿ ಮಾರೂದಲ್ಲ ಅಂದೆ.

ಅದರಾಗಿನ ಮಣೂಕ ಅರಿವ್ಯಾಗ ಕಟ್ಟಿ ಈ ಕಾಗದದ ಕೂಡ ಬಸ್ಸಿನ ಕಂಡಕ್ಟರ ಕೈಯಾಗ ಕಳಸೇನಿ. ನೀನ ತಿನ್ನು. ಕಡ್ಡಿ ಅದಾವ, ನೋಡಕೊಂಡು ತಿನ್ನು.

ಬರೂ ಗುರುವಾರ ಬಸ್ಸಿಗೆ ಹೊತ್ತಾತು ಅನಬ್ಯಾಡ. ಮನೀಗೆ ಬಾ. ಮುಂದಿನ ಪಡಸಾಲ್ಯಾಗ ಹಾಸಿರತೀನಿ.

ಸುಹಾಸನ ಅಜ್ಜಿ,
ಕಸ್ತೂರೆವ್ವ